ಮಕ್ಕಳಿಗೆ ದೇಶದ ಹೆಮ್ಮೆ: ಹೋದ ವಾರದ ಜಗಳಕ್ಕೆ ನನ್ನದೂ ಒಂದು ಮಾತು

ಎಲ್ಲರಿಗೂ ಶರಣು. ಹೋದ ವಾರ ನಮ್ಮ ಲಂಡನ್ ಕನ್ನಡಿಗರ ಗುಂಪಿನಲ್ಲಿ ಜಗಳ: ನಮ್ಮ ದೇಶ ವಿಶ್ವಗುರು ಅಂತ ಹೇಳಿಯೇ ಮಕ್ಕಳನ್ನ ಬೆಳೆಸಬೇಕು ಅಂತ ಒಬ್ಬರು, ಅದೆಲ್ಲ ವಾಟ್ಸಾಪ್ ದೇಶಭಕ್ತಿ ಬಿಡ್ರಿ ಅಂತ ಇನ್ನೊಬ್ಬರು. ಆಗ ನಾನು ಬಾಯಿ ಹಾಕಲಿಲ್ಲ. ಈಗ ರಜೆಗೆ ಕಲಬುರಗಿಗೆ ಬಂದಿದ್ದೇವೆ, ಕರೆಂಟ್ ಹೋಗಿದೆ, ಕಟ್ಟೆ ಮೇಲೆ ಕೂತು ಬರೀತಿದ್ದೇನೆ.

ಮಗನಿಗೆ ಹನ್ನೊಂದು ವರ್ಷ. 2023ರಲ್ಲಿ ಚಂದ್ರಯಾನ-3 ಇಳಿದಾಗ ಲಂಡನ್ನಿನ ನಮ್ಮ ಸಣ್ಣ ಫ್ಲ್ಯಾಟಿನಲ್ಲಿ ಅವನೂ ಕುಣಿದ, ನಾನೂ ಕುಣಿದೆ. ಅದು ಸುಳ್ಳು ಹೆಮ್ಮೆ ಅಂದರೆ ನಾನು ಒಪ್ಪಲ್ಲ. ಆದರೆ ಒಂದು ದಿನ ಅಡುಗೆಮನೆಯಲ್ಲಿ ಬೇಳೆ ಪಾಕೀಟಿನ ಹಿಂಬದಿ ಓದಿ ಕೇಳಿದ: "ನಮ್ಮೂರು ತೊಗರಿ ಕಣಜ ಅಂತೀಯಲ್ಲ, ಇದರ ಮೇಲೆ ಮಲಾವಿ ಅಂತ ಯಾಕಿದೆ?" ಮಲಾವಿ ಆಫ್ರಿಕಾದ ಒಂದು ದೇಶ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಸಿಕ್ಕಾಗ ಇದೇ ಗುಂಪಿನಲ್ಲಿ ಬೀಗಿದವನು ನಾನು. ಉತ್ತರ ಹೊಳೀಲಿಲ್ಲ.

ಇಲ್ಲಿ ಬಂದು ಅದನ್ನೇ ದೊಡ್ಡಪ್ಪನಿಗೆ ಕೇಳಿದ. ನಮ್ಮಣ್ಣ ತೊಗರಿ ಬೆಳೆಯೋನು. "ನಿಮ್ಮ ಲಂಡನ್ ಬಿಡಪಾ, ಇಲ್ಲಿಗೇ ಮೊಜಾಂಬಿಕ್‌ದು ಬರ್ತದ. ನಮ್ಮ ಮಾಲು ಗಂಜ್ ಮಾರ್ಕೆಟ್‌ಗಿ ಹೋಗೋ ಹೊತ್ತಿಗಿ ಹಡಗು ಬಂದಿರ್ತದ, ರೇಟ್ ಬೀಳ್ತದ" ಅಂದ. 2015ರಲ್ಲಿ ಬೇಳೆ ರೇಟ್ ಗಗನಕ್ಕೇರಿ ಪಟ್ಟಣದವರು ಗೋಳಾಡಿದ್ದರಲ್ವಾ, ಮರುವರ್ಷವೇ ಭಾರತ ಆಫ್ರಿಕಾದ್ದೇ ಇನ್ನೊಂದು ದೇಶ ಮೊಜಾಂಬಿಕ್ ಜೊತೆ ತೊಗರಿ ತರಿಸಿಕೊಳ್ಳೋ ಒಪ್ಪಂದ ಮಾಡಿಕೊಂಡಿತು.

"ಹಂಗಾದ್ರೆ ಇಂಡಿಯಾ ಅವರಿಗೆ ಒಳ್ಳೇದು ಮಾಡಿ ನಿಮಗೆ ಕೆಟ್ಟದ್ದು ಮಾಡ್ತಾ?"

ಅಣ್ಣ ನಕ್ಕ. "ಎರಡೂ ಹೌದು. ಆದ್ರ ನಿಮ್ಮಪ್ಪನಂಥ ಪ್ಯಾಟಿ ಮಂದಿಗಿ ಅಗ್ಗದ ಬೇಳಿ ಬೇಕಲ್ಲ."

ತಮಾಷೆ ನೋಡಿ, ಇದೇ ಅಣ್ಣ ಸಂಜೆ ಚಾ ಅಂಗಡಿಯಲ್ಲಿ, ದೆಹಲಿಯ ಜಿ20 ಸಭೆಯಲ್ಲಿ ಆಫ್ರಿಕನ್ ಯೂನಿಯನ್‌ಗೆ, ಅಂದರೆ ಆಫ್ರಿಕಾ ದೇಶಗಳ ಒಕ್ಕೂಟಕ್ಕೆ, ಕುರ್ಚಿ ಕೊಡಿಸಿದ್ದು ನಾವೇ ಅಂತ ಎದೆ ಉಬ್ಬಿಸಿ ಹೇಳ್ತಿದ್ದ. ಬೆಳಗ್ಗೆ ಬೈದದ್ದೂ ಸುಳ್ಳಲ್ಲ, ಸಂಜೆ ಹೊಗಳಿದ್ದೂ ಸುಳ್ಳಲ್ಲ. ಮಗ ಎರಡನ್ನೂ ಕೇಳಿಸಿಕೊಂಡ, ಅದು ನನಗೆ ಸಮಾಧಾನ. ಸುಮ್ನೆ ವಿಶ್ವಗುರು ಅಂತ ಬಾಯಿಪಾಠ ಮಾಡಿಸಿದರೆ ಸ್ಕೂಲಲ್ಲಿ ಯಾರೋ ಕೇಳೋ ಮೊದಲ ಪ್ರಶ್ನೆಗೇ ತಡವರಿಸ್ತಾರೆ. ಏನೂ ಹೇಳದೆ ಬಿಟ್ಟರೆ ಅಲ್ಲಿಯ ಟೀವಿ ತೋರಿಸಿದ್ದೇ ಇಂಡಿಯಾ ಅಂದ್ಕೋತಾರೆ.

ಮೊನ್ನೆ ಆಗಸ್ಟ್ 15ಕ್ಕೆ ಧ್ವಜಾರೋಹಣ ನೋಡಿ ಬಂದ ಮಗನಿಗೆ ನಮ್ಮಪ್ಪ "ನಮ್ದು ಇನ್ನೂ ಬಾಕಿ ಅದ" ಅಂದರು. ಅವನಿಗೆ ತಲೆಬುಡ ತಿಳೀಲಿಲ್ಲ. ಕಲಬುರಗಿ, ಬೀದರ್ ಎಲ್ಲ ಆಗ ಹೈದರಾಬಾದ್ ನಿಜಾಮನ ಕೈಲಿತ್ತು, ನಮಗೆ ಸ್ವಾತಂತ್ರ್ಯ ಬಂದದ್ದು 13 ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ ಅಂತ ಕೂರಿಸಿಕೊಂಡು ಹೇಳಿದರು. ನಿಜಾಮನ ಪರ ಇದ್ದ ಖಾಸಗಿ ಪಡೆ ರಜಾಕಾರರ ಹಾವಳಿ ಹೇಳಿದರು. ಅದಾದ ಮೇಲೆ ಮುಸ್ಲಿಮರ ಮೇಲೆ ನಡೆದದ್ದನ್ನೂ ಬಿಡಲಿಲ್ಲ. ಅಷ್ಟು ಹೊತ್ತು ಹುಡುಗ ಫೋನ್ ಮುಟ್ಟಲಿಲ್ಲ ಮಾರಾಯ್ರೆ.

ಸೆಪ್ಟೆಂಬರ್ 17ಕ್ಕೆ ನಾವು ಲಂಡನ್‌ಗೆ ವಾಪಸ್ ಬಂದಿರ್ತೀವಿ. ಹಾಲ್, ಸ್ಟೇಜ್ ಏನೂ ಬೇಡ. ನಮ್ಮನೇಲಿ ರೊಟ್ಟಿ, ಬೇಳೆ ಮಾಡ್ತೇವೆ, ಮಕ್ಕಳನ್ನ ಕರ್ಕೊಂಡು ಬರ್ತೀರಾ? ಬೇಳೆ ಮಾತ್ರ ಮಲಾವಿದೇ.