‘ಜಾಯಿನ್’ ಮತ್ತು ‘ಯೋಗ’: ಇವೆರಡಕ್ಕೂ ಮೂಲ ಒಂದೇ ಏನು?

ಪ್ರಶ್ನೆ:
ಎಂಟನೆಯ ತರಗತಿಯಲ್ಲಿರುವ ಮಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೆ. ‘ಜಾಯಿನ್’ ಎಂದರೆ ಕೂಡಿಸುವುದು, ‘ಯೋಗ’ ಎಂದರೂ ಕೂಡುವುದೇ ಅಲ್ಲವೇ ಎಂದು ಅವಳು ಕೇಳಿದಾಗ ಉತ್ತರಿಸಲಾಗಲಿಲ್ಲ. ಇಂಗ್ಲಿಷರು ಈ ಪದವನ್ನು ಸಂಸ್ಕೃತದಿಂದ ಪಡೆದರೇ, ಅಥವಾ ಇದು ಆಕಸ್ಮಿಕ ಹೋಲಿಕೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ:
ನಿಮ್ಮ ಮಗಳ ಊಹೆ ಸರಿಯಾಗಿದೆ. ಆದರೆ ಇದು ಎರವಲೂ ಅಲ್ಲ, ಆಕಸ್ಮಿಕವೂ ಅಲ್ಲ. ‘ಜಾಯಿನ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಯುಂಗೆರೆ’ ಎಂಬ ಕ್ರಿಯಾಪದ. ‘ಯೋಗ’ದ ಹಿಂದಿರುವುದು ಕೂಡಿಸು ಎಂಬರ್ಥದ ಸಂಸ್ಕೃತದ ‘ಯುಜ್’ ಧಾತು. ಲ್ಯಾಟಿನ್ ಮತ್ತು ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಎಂಬ ಒಂದೇ ಮೂಲದಿಂದ ಕವಲೊಡೆದವು. ‘ಅವರು ಕೂಡಿಸುತ್ತಾರೆ’ ಎನ್ನಲು ಲ್ಯಾಟಿನ್ನಿನಲ್ಲಿ ‘ಯುಂಗುಂತ್’, ಸಂಸ್ಕೃತದಲ್ಲಿ ‘ಯುಂಜಂತಿ’ ಎಂದಿರುವುದನ್ನು ಗಮನಿಸಿ: ಧಾತುವಿನ ನಡುವೆ ಅನುನಾಸಿಕವನ್ನು ಸೇರಿಸುವ ಕ್ರಮವೂ ಎರಡರಲ್ಲಿ ಒಂದೇ ಆಗಿದೆ. ಧ್ವನಿಯ ಹೋಲಿಕೆಗಿಂತ ವ್ಯಾಕರಣದ ಈ ಹೋಲಿಕೆಯೇ ಬಲವಾದ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ ಬಲ್ಲ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಕೂಡ ಧಾತುಗಳ ಮತ್ತು ವ್ಯಾಕರಣರೂಪಗಳ ಸಾಮ್ಯವನ್ನೇ ಎತ್ತಿ ಹೇಳಿದ್ದರು.

ಇಂಗ್ಲಿಷಿನಲ್ಲಿ ಇದೇ ಮೂಲದ ಮತ್ತೊಂದು ಪದವಿದೆ, ‘ಯೋಕ್’, ಅಂದರೆ ನೊಗ. ಅದು ಫ್ರೆಂಚಿನಿಂದ ಬಂದದ್ದಲ್ಲ. ಇಂಗ್ಲಿಷಿನದೇ ಹಳೆಯ ಆಸ್ತಿ. ಸಂಸ್ಕೃತದ ‘ಯುಗ’ಕ್ಕೂ ನೊಗವೆಂಬ ಅರ್ಥವುಂಟು. ಮೂಲದ ‘ಗ’ಕಾರವು ಇಂಗ್ಲಿಷ್, ಜರ್ಮನ್ ಮುಂತಾದ ಜರ್ಮಾನಿಕ್ ಭಾಷೆಗಳಲ್ಲಿ ‘ಕ’ಕಾರವಾಗುವುದು ನಿಯಮವಾದ್ದರಿಂದ ಇಂಗ್ಲಿಷಿನಲ್ಲಿ ‘ಕ್’ ಕಾಣುತ್ತದೆ.

ಎರಡನೆಯ ಉತ್ತರ:
ಬೇಸಾಯದ ಮನೆಯಲ್ಲಿ ಬೆಳೆದವನಾದ್ದರಿಂದ ಒಂದು ಮಾತನ್ನು ಸೇರಿಸಲೇಬೇಕೆನಿಸಿತು. ಎರಡು ಎತ್ತುಗಳ ಹೆಗಲಿನ ಮೇಲೆ ಅಡ್ಡಲಾಗಿ ಕೂರುವ ನಮ್ಮ ‘ನೊಗ’ವೂ ‘ಯುಗ’ದ ತದ್ಭವವೆಂದೇ ವಿದ್ವಾಂಸರು ಪರಿಗಣಿಸುತ್ತಾರೆ. ಕನ್ನಡ ದ್ರಾವಿಡ ಭಾಷೆಯಾದುದರಿಂದ ಇದು ಎರವಲೇ ಸರಿ. ದೂರದ ಇಂಗ್ಲಿಷಿನ ‘ಯೋಕ್’ ಸಂಸ್ಕೃತಕ್ಕೆ ಹುಟ್ಟಿನಿಂದ ನೆಂಟ. ನಮ್ಮ ಹೊಲದ ನೊಗವಾದರೋ ಬಳಕೆಯಿಂದ ನಮ್ಮದಾದದ್ದು. ಅಧೀನಪಡಿಸಿಕೊಳ್ಳುವುದು ಎಂಬರ್ಥದ ‘ಸಬ್ಜುಗೇಟ್’ ಪದಕ್ಕೂ ‘ನೊಗದ ಕೆಳಗೆ ತರುವುದು’ ಎಂಬುದೇ ಮೂಲಾರ್ಥ. ಸೋತ ಸೈನಿಕರನ್ನು ಈಟಿಗಳಿಂದ ಕಟ್ಟಿದ ನೊಗದಡಿ ನುಸುಳಿಸುವ ಪದ್ಧತಿ ಪ್ರಾಚೀನ ಇಟಲಿಯಲ್ಲಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮಗಳ ವಿಜ್ಞಾನ ಪುಸ್ತಕದಲ್ಲಿರುವ ‘ಜೈಗೋಟ್’ (ಅಂಡಾಣು ಮತ್ತು ವೀರ್ಯಾಣು ಕೂಡಿ ಆಗುವ ಕೋಶ) ಕೂಡ ಇದೇ ಬಳಗದ್ದೇ?

ಮೊದಲ ಉತ್ತರ ಬರೆದವರು:
ಹೌದು. ಗ್ರೀಕಿನಲ್ಲಿ ನೊಗಕ್ಕೆ ‘ಜುಗೋನ್’ ಎಂಬ ಹೆಸರಿದ್ದು, ‘ಜೈಗೋಟ್’ ಅದರಿಂದ ಬೆಳೆದ ಪದ. ಕನ್ನಡದಲ್ಲಿ ಅದನ್ನು ‘ಯುಗ್ಮಜ’ ಎನ್ನುತ್ತೇವೆ. ಆ ‘ಯುಗ್ಮ’ವೂ ‘ಯುಜ್’ ಧಾತುವಿನಿಂದಲೇ ಬಂದಿದೆ.