ಹಳೇ ಮಣ್ಣಿನ ಪೈಪ್ ಕಿತ್ತು ಟಾಯ್ಲೆಟ್ ಲೈನ್ ನಾವೇ ಹಾಕ್ಬಹುದಾ?

ತುಂಗಾತೀರ
ಎಲ್ರಿಗೂ ನಮಸ್ಕಾರ. ಶಿವಮೊಗ್ಗ ದುರ್ಗಿಗುಡಿ ಕಡೆ ನಮ್ದು ಅಜ್ಜನ ಕಾಲದ ಮನೆ. ಟಾಯ್ಲೆಟ್‌ನಿಂದ ಗೇಟ್ ಹತ್ರದ ಚೇಂಬರ್ (ಲೈನ್ ತೆಗೆದು ನೋಡೋ ಮುಚ್ಚಳದ ಗುಂಡಿ) ತನಕ 40 ಅಡಿ, ಪೂರಾ ಕಂದು ಬಣ್ಣದ ಸ್ಟೋನ್‌ವೇರ್ ಪೈಪು. ಮಳೆಗಾಲ ಬಂತು ಅಂದ್ರೆ ಬ್ಲಾಕ್, ರಾಡ್ ಹಾಕ್ಸಿದ್ರೆ ಹಲಸಿನ ಬೇರು ಕೂದಲ ಗಂಟಿನಂಗೆ ಎಳ್ಕೊಂಡು ಬರುತ್ತೆ, ಜಾಯಿಂಟ್ ಸಿಮೆಂಟ್ ಎಲ್ಲಾ ಬಿಟ್ಕೊಂಡಿದೆ. ನಾನೂ ತಮ್ಮನೂ ಸೇರಿ ಮೃಗಶಿರ ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು ಅಂತಿದೀವಿ. ಯಾವ ಪೈಪು, ಎಷ್ಟು ವಾಟ (ಇಳಿಜಾರು)?

ಸಾಗರದ ಪ್ಲಂಬರ್
ಮಾಡ್ಬಹುದು ಮಾರಾಯ್ರೆ. ಪೈಪ್ ಕೂರ್ಸೋದು ದೊಡ್ಡ ವಿಷ್ಯ ಅಲ್ಲ, ಗುಂಡಿ ತಳ ಸರಿ ಮಾಡೋದೇ ನಿಜವಾದ ಕೆಲ್ಸ. 4 ಇಂಚು ಪೈಪಿಗೆ 40ಕ್ಕೆ 1 ವಾಟ, ಅಂದ್ರೆ 10 ಅಡಿಗೆ 3 ಇಂಚು, ನಿಮ್ಮ ಲೈನಿಗೆ ಒಟ್ಟು 1 ಅಡಿ. ಅಗೆಯೋಕೆ ಮುಂಚೆನೇ ಚೇಂಬರ್ ಆಳ ಅಳೆದು ಅಷ್ಟು ಸಿಗುತ್ತಾ ನೋಡ್ಕೊಳ್ಳಿ. ಕಣ್ಣಂದಾಜು ಬೇಡವೇ ಬೇಡ, ಮೇಸ್ತ್ರಿಗಳು ನೀರು ತುಂಬ್ಸಿ ಹಿಡಿಯೋ ಲೆವೆಲ್ ಟ್ಯೂಬ್ ಇದ್ಯಲ್ಲ, ಅದ್ರಲ್ಲಿ ನೋಡಿ ಗೂಟ ಹೊಡೆದು ದಾರ ಕಟ್ಟಿ.

ಬೂದು ಬಣ್ಣದ ಎಸ್‌ಡಬ್ಲ್ಯೂಆರ್ (ಟಾಯ್ಲೆಟ್, ಬಚ್ಚಲು, ಮಳೆನೀರಿನ ಪಿವಿಸಿ) ಪೈಪಲ್ಲಿ ಟೈಪ್ ಎ ಇರೋದು ಮಳೆನೀರಿಗೆ, ಗಾಳಿ ಹೋಗೋ ವೆಂಟಿಗೆ; ಟಾಯ್ಲೆಟ್ಟಿಗೆ ಟೈಪ್ ಬಿನೇ ಬೇಕು. ಮಣ್ಣಲ್ಲಿ ಹೂಳೋಕೆ ಅಂತಲೇ ಐಎಸ್ 15328 ಪೈಪ್ ಬರುತ್ತೆ, ಸಿಕ್ಕಿದ್ರೆ ಅದೇ 110 ಎಂಎಂ ತಗೊಳ್ಳಿ, ಮೇಲೆ ಕಾರು ಓಡಾಡೋದಾದ್ರೆ ಭಾರಕ್ಕೆ ಬಗ್ಗದ ಗಟ್ಟಿ ದರ್ಜೆ ಎಸ್‌ಎನ್ 8 ಕೇಳಿ.

ಕೆಳಗಿನ ಚೇಂಬರಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಸಾಕೆಟ್ (ಪೈಪಿನ ಅಗಲದ ತುದಿ) ಬಾಯಿ ಟಾಯ್ಲೆಟ್ ಕಡೆಗೇ ಇರ್ಲಿ. ನಮ್ಮ ಕಡೆ ಜಂಬಿಟ್ಟಿಗೆ ಮಣ್ಣು, ಚೂಪು ಕಲ್ಲು ಪೈಪಿಗೆ ಒತ್ತುತ್ತೆ, ಅದ್ಕೆ ತಳಕ್ಕೆ 4 ಇಂಚು ಮರಳು ಹಾಸಿ. ಪ್ರತಿ ಸಾಕೆಟ್ ಕೆಳಗೂ ಕೈಯಲ್ಲೇ ಸ್ವಲ್ಪ ಕೆರೆದು ಹಳ್ಳ ಮಾಡಿ, ಇಲ್ಲಾಂದ್ರೆ ಪೈಪು ಬರೀ ಸಾಕೆಟ್ ಮೇಲೆ ನಿಂತು ನಡುವೆ ಹೊಟ್ಟೆ ಬಿಡುತ್ತೆ, ಗಲೀಜು ನಿಲ್ಲೋದು ಅಲ್ಲೇ. ರಬ್ಬರ್ ರಿಂಗಿಗೆ ಸೋಪಿನ ನೀರು ಹಚ್ಚಿ ಪೂರ್ತಿ ತಳ್ಳಿ, ಆಮೇಲೆ 10 ಎಂಎಂ ಹಿಂದಕ್ಕೆ ಎಳೀರಿ, ಬಿಸಿಗೆ ಹಿಗ್ಗೋಕೆ ಜಾಗ ಬೇಕು. ತಿರುವಲ್ಲಿ 90 ಡಿಗ್ರಿ ಬೆಂಡ್ ಹೂತು ಮುಚ್ಬೇಡಿ, ಅಲ್ಲೊಂದು ಚೇಂಬರ್ ಕಟ್ಟಿ, ನಾಳೆ ರಾಡ್ ಹಾಕೋಕೂ ದಾರಿ ಇರುತ್ತೆ.

ಹೊಸನಗರದ ಸೊಸೆ
ಅಣ್ಣ, ಮಳೆಗಾಲದಲ್ಲೇ ಕಟ್ಕೊಳ್ಳುತ್ತೆ ಅಂದ್ರೆ ಬೇರು ಒಂದೇ ಕಾರಣ ಇರ್ಲಿಕ್ಕಿಲ್ಲ. ಹಂಚಿನ ದೋಣಿ ನೀರು ಅದೇ ಚೇಂಬರಿಗೆ ಬಿಟ್ಟಿದೀರಾ ನೋಡಿ. ನಮ್ಮ ಮಲೆನಾಡಿನ ಮಳೆ ಆ 4 ಇಂಚಲ್ಲಿ ಹಿಡಿಯಲ್ಲ, ಲೈನ್ ತುಂಬಿ ಟಾಯ್ಲೆಟ್ಟಿಗೇ ವಾಪಸ್ ಬರುತ್ತೆ.

ತುಂಗಾತೀರ
ಈಗಷ್ಟೇ ನೋಡ್ದೆ ಅಕ್ಕ, ಹಿಂದಿನ ಮಾಡಿನ ನೀರು ಸೀದಾ ಅದಕ್ಕೇ ಬರ್ತಿದೆ! ಅದನ್ನ ಬೇರೆ ಮಾಡ್ತೀವಿ. ಇನ್ನೊಂದು ಡೌಟು, ರೋಡಿನ ಮ್ಯಾನ್‌ಹೋಲಿಗೆ ಇಳಿದು ಕನೆಕ್ಷನ್ ಕೊಡ್ಬೇಕಾ?

ಗೋಪಾಳದ ಸೈಟ್ ಇಂಜಿನಿಯರ್
ದಯವಿಟ್ಟು ಇಳೀಬೇಡಿ ಸರ್, ತಮ್ಮನನ್ನೂ ಇಳಿಸ್ಬೇಡಿ, ಕೂಲಿಯವ್ರನ್ನಂತೂ ಇಳಿಸ್ಲೇಬೇಡಿ. ಒಳಗಿರೋ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷ ಗ್ಯಾಸ್ ಜಾಸ್ತಿ ಇದ್ರೆ ಮೂಗಿಗೆ ವಾಸನೆನೇ ಗೊತ್ತಾಗಲ್ಲ, ಒಬ್ರು ಬಿದ್ರು ಅಂತ ಎತ್ತೋಕೆ ಹೋದವ್ರೂ ಅಲ್ಲೇ ಬೀಳ್ತಾರೆ. ಸೇಫ್ಟಿ ಸಾಮಾನಿಲ್ದೆ ಜನರನ್ನ ಒಳಗಿಳಿಸಿ ಕ್ಲೀನ್ ಮಾಡ್ಸೋದು ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಕಾಂಪೌಂಡ್ ಒಳಗಿಂದು ನೀವು ಮಾಡ್ಕೊಳ್ಳಿ, ರೋಡಿನ ಕಡೆದು ಪಾಲಿಕೆಗೆ ಅರ್ಜಿ ಕೊಟ್ಟು ಮಾಡ್ಸಿ.

ಜಂಬಿಟ್ಟಿಗೆ ಮಣ್ಣು ಒಣಗಿದ್ದಾಗ ಗೋಡೆ ತರ ನಿಂತಂಗೆ ಕಂಡ್ರೂ ಒಂದು ಮಳೆ ಬಿದ್ರೆ ಪಕ್ಕ ಕುಸಿಯುತ್ತೆ, ಎದೆಮಟ್ಟ ಆಳ ಹೋದ್ರೆ ಹಲಗೆ ಕೊಡಿ, ಅಗೆದ ಮಣ್ಣು ಅಂಚಲ್ಲೇ ರಾಶಿ ಹಾಕ್ಬೇಡಿ. ಮುಚ್ಚೋ ಮುಂಚೆ ಕೆಳಗಿನ ಬಾಯಿ ಪ್ಲಗ್ ಹಾಕಿ ಮೇಲಿಂದ ನೀರು ತುಂಬ್ಸಿ ಅರ್ಧ ಗಂಟೆ ಬಿಡಿ. ಮಟ್ಟ ಇಳೀತಾ ಇದ್ರೆ ಯಾವ ಜಾಯಿಂಟ್ ಒದ್ದೆ ಅಂತ ಕೈ ಆಡಿಸಿ ನೋಡಿ, ಅದನ್ನ ಸರಿ ಮಾಡಿದ್ಮೇಲೇ ಮಣ್ಣು ಎಳೀರಿ.