ಹಿಮ್ಲಿಂಗ್ ದ್ವೀಪ ಹಾಕಬೇಕಾ, ಬಿಡಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು:
ಕಾದಂಬರಿಕಾರ ಟೋಲ್ಕಿನ್ ಅವರ ಕಾಲ್ಪನಿಕ ಲೋಕ ಮಿಡ್ಲ್ ಅರ್ಥ್‌ನ ನಕ್ಷೆಯನ್ನು ಗೋಡೆಗೆ ಹಾಕಲು ಕೈಯಲ್ಲೇ ಬರೆಯುತ್ತಿದ್ದೇನೆ. ಹೆಸರುಗಳೆಲ್ಲ ಕನ್ನಡದಲ್ಲಿ. ಪೆನ್ಸಿಲ್ ಕೆಲಸ ಮುಗಿದಿದೆ, ಶಾಯಿ ಇನ್ನೂ ಹಚ್ಚಿಲ್ಲ. ಲಿಂಡನ್ ನಾಡಿನ ವಾಯವ್ಯಕ್ಕೆ ಕಡಲಲ್ಲಿ ಬರುವ ಹಿಮ್ಲಿಂಗ್ ದ್ವೀಪದ ಬಗ್ಗೆ ಗೊಂದಲ. ಎಡ ಅಂಚಿನಲ್ಲಿ ಎರಡು ಬೆರಳಿನಷ್ಟು ಜಾಗ ಮಾತ್ರ ಉಳಿದಿದೆ. ಹಾಕಿದವರು, ಬಿಟ್ಟವರು ಇಬ್ಬರೂ ಹೇಳಿ.

ಮಸಿಬೆರಳು:
ಹಾಕಿ. ಶಾಯಿ ಹಚ್ಚುವ ಮೊದಲೇ ಹಾಕಿ. ನಾನು ‘ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ 1954ರ ನಕ್ಷೆಯನ್ನೇ ಮುಂದಿಟ್ಟುಕೊಂಡು ಐದು ತಿಂಗಳು ಕೂತು ಬರೆದೆ. ಕಡಲಿನ ಅಲೆಗೆರೆಗಳಿಗೇ 19 ಸಂಜೆ ಹೋದವು. ಎಲ್ಲ ಮುಗಿದ ಮೇಲೆ ‘ಅನ್‌ಫಿನಿಶ್ಡ್ ಟೇಲ್ಸ್’ ಕೈಗೆ ಬಂತು. 1980ರ ಆ ಪುಸ್ತಕಕ್ಕಾಗಿ ಟೋಲ್ಕಿನ್ ಅವರ ಮಗ ಕ್ರಿಸ್ಟೋಫರ್ ಟೋಲ್ಕಿನ್ ನಕ್ಷೆಯನ್ನು ಮತ್ತೆ ಬರೆದಿದ್ದಾರೆ. ಅದರಲ್ಲಿದೆ ಈ ದ್ವೀಪ. ಮುಳುಗಿಹೋದ ಬೆಲೇರಿಯಾಂಡ್ ನಾಡಿನಲ್ಲಿ ಎಲ್ಫ್ ರಾಜಕುಮಾರ ಮೈಥ್ರೋಸ್ ಕೋಟೆ ಕಟ್ಟಿದ್ದ ಬೆಟ್ಟದ ನೆತ್ತಿ ಅದು! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬ್ಲೇಡಿನ ಮೂಲೆಯಿಂದ ಅಲೆಗೆರೆಗಳನ್ನು ಕೆರೆಯಲು ಕೂತೆ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಕಾಗದದ ನಾರು ಎದ್ದಿತು. ಉಗುರಿನ ಬೆನ್ನಿನಿಂದ ಉಜ್ಜಿ ಕೂರಿಸಿ ನಿಬ್ ಇಟ್ಟರೆ ಶಾಯಿ ಹರಡಿತು. ಎಳ್ಳಿನಷ್ಟು ಇರಬೇಕಾದ ದ್ವೀಪ ಹುಣಸೆ ಬೀಜದಷ್ಟಾಯಿತು. ಮತ್ತೆ ಕೆರೆದೆ, ತೂತು ಬಿತ್ತು. ಹಿಂದಿನಿಂದ ತೇಪೆ ಅಂಟಿಸಿದೆ. ಅಂಟಿನ ತೇವಕ್ಕೆ ಆ ಮೂಲೆ ಪೂರ್ತಿ ಸುಕ್ಕಾಯಿತು. ಇವತ್ತಿಗೂ ಬೆಳಕು ಪಕ್ಕದಿಂದ ಬಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಹಳೇನಕ್ಷೆ:
ನಾನು ಬಿಟ್ಟವನು, ಬಿಟ್ಟಿದ್ದಕ್ಕೆ ಹೆಮ್ಮೆ ಇದೆ. 1954ರ ನಕ್ಷೆ ಅಂದರೆ 1954ರ ನಕ್ಷೆ. ಒಂದು ಹೆಸರಿಗೆ ಬಾಗಿಲು ತೆಗೆದರೆ ಉಳಿದವೂ ಒಳಗೆ ಬರುತ್ತವೆ. ನನ್ನ ಮೊದಲ ಪ್ರತಿಯಲ್ಲಿ ಹಾಗೇ ಆಯಿತು. ಹಿಮ್ಲಿಂಗ್ ಹಾಕಿದೆ, ಆಮೇಲೆ ಲಾಂಡ್ ಡೈರ್ ಬಂದರು, ಆಮೇಲೆ ಎಡೆಲ್ಲಾಂಡ್ ಬಂದರು, ಕಾರ್ಡೋಲಾನ್, ಆರ್ಥೆಡೈನ್ ರಾಜ್ಯಗಳು. ಲಾಂಡ್ ಡೈರ್ ಹೋಗಿ ಗ್ವಾತ್ಲೋ ನದಿಯ ಹೆಸರಿನ ಮೇಲೇ ಕೂತಿತು. ನದಿಯ ಹೆಸರನ್ನು ಮೇಲಕ್ಕೆ ಸರಿಸಿದೆ, ಅದು ಥಾರ್ಬಾಡ್‌ಗೆ ತಾಗಿತು. ಏಳು ವಾರದ ಕೆಲಸ, ಮೂರು ನಿಬ್, ದೊಡ್ಡ ಹಾಳೆ, ಎಲ್ಲ ಸುತ್ತಿ ಎಸೆದೆ. ಎರಡನೇ ಪ್ರತಿಯಲ್ಲಿ ಹಳೆಯ ಹೆಸರುಗಳು ಮಾತ್ರ. ನೋಡಿದವರೆಲ್ಲ ಎಷ್ಟು ಅಚ್ಚುಕಟ್ಟಾಗಿದೆ ಅನ್ನುತ್ತಾರೆ.

ಮಸಿಬೆರಳು:
ಅಚ್ಚುಕಟ್ಟು ಸರಿ, ಆದರೆ ತಪ್ಪು ತಪ್ಪೇ ಅಲ್ವಾ? ಹಳೆಯ ನಕ್ಷೆಯಲ್ಲಿ ರುಡಾವರ್ ರಾಜ್ಯ ಒಂದನ್ನೇ ಹಾಕಿದ್ದು ತಪ್ಪಾಗಿತ್ತು ಅಂತ ಬರೆದವರೇ ಒಪ್ಪಿಕೊಂಡು, ಉಳಿದ ಎರಡು ರಾಜ್ಯಗಳಾದ ಕಾರ್ಡೋಲಾನ್, ಆರ್ಥೆಡೈನ್‌ಗಳನ್ನು 1980ರಲ್ಲಿ ಸೇರಿಸಿದರು. ಎರಡೂ ನಕ್ಷೆ ಬರೆದದ್ದು ಅದೇ ಕ್ರಿಸ್ಟೋಫರ್. ಅದೇ ಕೈ ತಿದ್ದಿದ್ದನ್ನು ಬೇಡ ಅನ್ನಲು ನಾವು ಯಾರು?

ಹಳೇನಕ್ಷೆ:
ತಂದೆ ಬದುಕಿದ್ದಾಗ ಅಚ್ಚಾದದ್ದು ಒಂದು, ತೀರಿಕೊಂಡ ಮೇಲೆ ಮಗ ಸೇರಿಸಿದ್ದು ಇನ್ನೊಂದು. ನನಗೆ ಎರಡೂ ಒಂದೇ ಅಲ್ಲ. ಹಾಳೆ ತೂತು ಮಾಡಿಕೊಂಡ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ.

ಮಸಿಬೆರಳು:
ಸುಮ್ನೆ ಏನೋ ಹೇಳಬೇಡಿ. ದ್ವೀಪ ಮಗ ಕಟ್ಟಿದ ಕಥೆಯಲ್ಲ. ತಂದೆಯ ಒಂದು ಕರಡು ನಕ್ಷೆಯಲ್ಲಿ ಇತ್ತು, ತನ್ನ ಮೊದಲ ಕರಡಿನಲ್ಲೂ ಇತ್ತು ಅಂತ ಕ್ರಿಸ್ಟೋಫರ್ ಅವರೇ 1980ರ ಆ ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾರೆ. ಅದನ್ನು ಓದಿ ಬನ್ನಿ.

ಮೂಡಣತೀರ:
ಎಲ್ಲರೂ ಪಶ್ಚಿಮವನ್ನೇ ಹಿಡಿದು ಜಗ್ಗುತ್ತಿದ್ದೀರಿ. ಪೂರ್ವದ ಡಾರ್ವಿನಿಯನ್ ನಾಡಿನ ಗತಿ ಏನು? ಅಲ್ಲಿನ ದ್ರಾಕ್ಷಾರಸದ ಮಾತು 1937ರ ‘ಹಾಬಿಟ್’‌ನಲ್ಲೇ ಬರುತ್ತದೆ. 1954ರ ನಕ್ಷೆಯಲ್ಲಿ ಹುಡುಕಿ, ಸಿಗುವುದಿಲ್ಲ. ಚಿತ್ರಕಾರ್ತಿ ಪಾಲೀನ್ ಬೇನ್ಸ್ 1970ರ ನಕ್ಷೆಯಲ್ಲಿ ಅದನ್ನು ರೂನ್ ಸಮುದ್ರದ ವಾಯವ್ಯ ದಡದಲ್ಲಿ ತೋರಿಸಿದರು. ಅವರಿಗೋಸ್ಕರ ಟೋಲ್ಕಿನ್ ತಾವೇ ಟಿಪ್ಪಣಿ ಬರೆದಿದ್ದ ಹಳೆಯ ನಕ್ಷೆಯ ಪ್ರತಿ 2015ರಲ್ಲಿ ಸಿಕ್ಕಿತು. ಈಗ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಹಾಬಿಟ್‌ಗಳ ಊರಾದ ಹಾಬಿಟನ್ ಆಕ್ಸ್‌ಫರ್ಡಿನ ಅಕ್ಷಾಂಶದಲ್ಲಿದೆ ಅಂತ ಅದರಲ್ಲಿ ಗುರುತು ಹಾಕಿದ್ದಾರೆ. ನಾನು ಬರೀ ರೂನ್ ದಡಕ್ಕೇ ಒಂದು ತಿಂಗಳು ಕೊಟ್ಟಿದ್ದೇನೆ. ಹಸಿರು ಬಣ್ಣ ನಾಲ್ಕು ಸಲ ಕಲಸಿದೆ. ಒಣಗಿದ ಮೇಲೆ ಪ್ರತಿ ಸಲವೂ ಕಂದು ಬಣ್ಣಕ್ಕೆ ತಿರುಗಿತು.

ಹಳೇನಕ್ಷೆ:
ಕೇಳಿದ್ದು ಹಿಮ್ಲಿಂಗ್ ಬಗ್ಗೆ.

ಮೂಡಣತೀರ:
ನೀವು ಲಾಂಡ್ ಡೈರ್ ಕಥೆ ಹೇಳಬಹುದು, ನಾನು ಡಾರ್ವಿನಿಯನ್ ಹೇಳಬಾರದಾ?

ಅಕ್ಷರದವರು:
ಜಗಳ ಬಿಡಿ, ನನ್ನ ಕಷ್ಟ ಕೇಳಿ. ‘ಹಿಮ್ಲಿಂಗ್’ ಅಂತ ಬರೆದರೆ ಲಕಾರದ ಒತ್ತು ಕೆಳಗಿಳಿದು ದ್ವೀಪವನ್ನೇ ಮುಚ್ಚುತ್ತದೆ. ಮೂರು ಸಲ ಬರೆದು ಮೂರು ಸಲವೂ ದ್ವೀಪ ಕಾಣಲಿಲ್ಲ. ಕೊನೆಗೆ ‘ಹಿಮಲಿಂಗ’ ಅಂತ ಬರೆದೆ. ಒತ್ತೂ ಇಲ್ಲ, ಓದುವುದಕ್ಕೂ ಚೆನ್ನ.

ಮಸಿಬೆರಳು:
ಅದು ಬೇರೆಯೇ ಹೆಸರಾಯಿತಲ್ರೀ! ಬೇರೆಯವರ ಲೋಕದ ಹೆಸರನ್ನು ನಮ್ಮ ಅನುಕೂಲಕ್ಕೆ ತಿರುಚಬಾರದು.

ಅಕ್ಷರದವರು:
ತಿರುಚಲಿಲ್ಲ. ಹಿಮ್ಲಿಂಗ್ ಅನ್ನುವುದು ಆ ಬೆಟ್ಟದ ಹೆಸರಾದ ಹಿಮ್ರಿಂಗ್‌ನ ಹಳೆಯ ರೂಪ. ಹಿಮ್ರಿಂಗ್ ಅಂದರೆ ಸದಾ ತಣ್ಣಗಿರುವುದು. ನಮ್ಮ ‘ಹಿಮ’ಕ್ಕೂ ಅದಕ್ಕೂ ನಂಟಿಲ್ಲ, ನನಗೂ ಗೊತ್ತು. ಆದರೂ ಕಡಲ ನಡುವೆ ಒಂಟಿಯಾಗಿ ನಿಂತ ಆ ತಣ್ಣನೆಯ ನೆತ್ತಿಗೆ ಆ ಹೆಸರು ಒಪ್ಪುತ್ತದೆ ಅಂತ ಅನ್ನಿಸಿತು, ಬರೆದೆ. ಅಳಿಸುವುದಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡು ಬೆರಳಿನ ಜಾಗದಲ್ಲಿ ಹೆಸರು ಹಿಡಿಸುತ್ತದಾ? ಅದನ್ನು ಯಾರೂ ಹೇಳಲಿಲ್ಲ.

ಮಸಿಬೆರಳು:
ಹಿಡಿಸುತ್ತದೆ. ದ್ವೀಪವನ್ನು ಮೊದಲು ಬರೆದು ಒಣಗಲು ಬಿಡಿ. ಹೆಸರನ್ನು ಮೇಲೆ ಬರೆಯಬೇಡಿ, ದ್ವೀಪದ ಕೆಳಗೆ ಬರೆಯಿರಿ, ಆಗ ಒತ್ತು ಖಾಲಿ ಕಡಲಿಗೆ ಇಳಿಯುತ್ತದೆ. ಅಲೆಗೆರೆ ಎಲ್ಲಕ್ಕಿಂತ ಕೊನೆಗೆ.

ಹಳೇನಕ್ಷೆ:
ಅಥವಾ ಆ ಜಾಗವನ್ನು ಹಾಗೇ ಬಿಡಿ.